ಬೀಟ್‌ರೂಟ್ ಬಿರಿಯಾನಿಯ ಎರಡನೇ ಸೌಟು

ಆ ಶನಿವಾರ ಬೆಳಿಗ್ಗೆ ಶಿವರಾಮ್ ಕಾಫಿಗೆ ಬಾಯಿ ಇಟ್ಟವನೇ ಸಿಂಕಿಗೆ ಓಡಿ ಉಗಿದ. ಹಾಲು ಕಾಯಿಸಿದ ಪಾತ್ರೆಯಲ್ಲಿ ಹಿಂದಿನ ದಿನ ಅಂಟುವಾಳದ ಕಾಯಿ ಕುದಿದಿತ್ತು.

"ವಿಷ ಅಲ್ಲ ರೀ, ನ್ಯಾಚುರಲ್ಲು," ಎಂದಳು ಹೆಂಡತಿ ಮಧುಶ್ರೀ, ಕಲಕುತ್ತಿದ್ದ ಡಬರಿಯಿಂದ ತಲೆ ಎತ್ತದೆ.

ಯುಗಾದಿಯಿಂದ ಈಚೆಗೆ ಕೋಣನಕುಂಟೆಯ ಆ ಮನೆಯಲ್ಲಿ ಅಡುಗೆಮನೆ ಅಡುಗೆಮನೆಯಾಗಿ ಉಳಿದಿರಲಿಲ್ಲ. ಅಂಟುವಾಳ ಕುದಿಸಿ, ಕೊಳೆಸಿದ ನಿಂಬೆಸಿಪ್ಪೆಯ ನೀರು ಬೆರೆಸಿ ಮಧುಶ್ರೀ ಕಂದು ಬಣ್ಣದ ಸೋಪುನೀರು ತಯಾರಿಸುತ್ತಿದ್ದಳು. ಪಾತ್ರೆಗೂ ಅದೇ, ನೆಲಕ್ಕೂ ಅದೇ, ತಲೆಗೂ ಅದೇ, ನಾಯಿಗೂ ಅದೇ. ಅಂಗಡಿಯಿಂದ ತಂದ ಸೋಪುಗಳನ್ನೆಲ್ಲ ಮನೆಯಿಂದ ಆಚೆ ಹಾಕಿದ್ದಳು. ಬಾಟಲಿಗೆ ತುಂಬಿ ಮಾರಲು ಹೊರಟರೆ ಕೊಳ್ಳುವವರು ಮಾತ್ರ ಯಾರೂ ಇರಲಿಲ್ಲ. ಶಿವರಾಮ್ ಫ್ರಿಜ್ಜಿನಿಂದ ನೀರಿನ ಬಾಟಲಿ ತೆಗೆದರೆ ಮೊದಲು ಮೂಸಿ ನೋಡುತ್ತಿದ್ದ.

"ಇದನ್ನ ನಿಲ್ಸೋಕೆ ನಾನೇನ್ ಮಾಡ್ಬೇಕು, ಹೇಳ್ಬಿಡು."

"ಅಡುಗೆ ಮಾಡಿ. ರಾತ್ರಿ ಅಪ್ಪ ಊಟಕ್ಕೆ ಬರ್ತಾರೆ. ಹೊಸದೇನಾದ್ರೂ ಮಾಡಿ. ಅವ್ರು ಇನ್ನೊಂದ್ಸಲ ಕೇಳಿ ಹಾಕಿಸ್ಕೊಂಡು ತಿಂದ್ರೆ, ನಾಳೇನೇ ಇದನ್ನೆಲ್ಲ ಮೋರಿಗೆ ಸುರೀತೀನಿ. ಇಲ್ಲ ಅಂದ್ರೆ ನನ್ ಸೋಪಿನ ಸುದ್ದಿಗೆ ಬರ್ಬಾರ್ದು."

ಶಿವರಾಮ್ ಹಿಂದೆಮುಂದೆ ನೋಡದೆ ಒಪ್ಪಿಕೊಂಡ. ಮಧುಶ್ರೀ ಬಾಟಲಿಗಳ ಚೀಲ ಹೆಗಲಿಗೇರಿಸಿ ಜಯನಗರದ ಕಡೆ ಹೊರಟಳು. ಬರುವಾಗ ಅಪ್ಪನನ್ನು ಕರೆದುಕೊಂಡೇ ಬರುವವಳಿದ್ದಳು.

ಮಾವ ಚಿಕ್ಕಬೈರಪ್ಪ ಹೊಲವೆಲ್ಲ ಬಾಡಿಗೆ ಮನೆಗಳಾದ ಮೇಲೆ ಬಿಳಿ ಪಂಚೆ, ಬಿಳಿ ಅಂಗಿ ಬಿಟ್ಟು ಬೇರೇನೂ ತೊಡದ ಮನುಷ್ಯ. ಶನಿವಾರ ಮಾಂಸ ಮುಟ್ಟುತ್ತಿರಲಿಲ್ಲ. ಮುಟ್ಟಲಾಗದ ಸಿಟ್ಟನ್ನು ಎದುರಿಗಿದ್ದ ಪಲ್ಯದ ಮೇಲೆ ತೀರಿಸಿಕೊಳ್ಳುತ್ತಿದ್ದರು. ಶಿವರಾಮ್ ಮೊಬೈಲಿನಲ್ಲಿ ಹುಡುಕಿ ಹುಡುಕಿ, ಮಟನ್ನನ್ನೇ ಮರೆಸುತ್ತದೆ ಎಂದು ಯಾರೋ ಆಣೆ ಮಾಡಿ ಹೇಳುತ್ತಿದ್ದ ಬೀಟ್‌ರೂಟ್ ಬಿರಿಯಾನಿಯನ್ನು ಆರಿಸಿಕೊಂಡ.

ಪಕ್ಕದ ಮನೆ ಬೋರಣ್ಣನ ಕಿಟಕಿಗೂ ಇವನ ಕಿಟಕಿಗೂ ನಡುವೆ ಒಂದು ಸೌಟು ಚಾಚುವಷ್ಟೇ ಜಾಗ. ಬೋರಣ್ಣನ ಮುಖ ಅಲ್ಲಿ ಕ್ಯಾಲೆಂಡರಿನಂತೆ ಸದಾ ನೇತಾಡುತ್ತಿತ್ತು.

"ಏನ್ ಗುರು, ಇವತ್ತು ನಿಂದಾ ಅಡುಗೆ? ಬೀಟ್‌ರೂಟ್ ಗಟ್ಟಿ ಕಣಪ್ಪ. ಕುಕ್ಕರ್ ಕಂಠದ ತನಕ ನೀರ್ ಹಾಕು, ಚೆನ್ನಾಗ್ ಕೂಗ್ಸು."

ಕುಕ್ಕರ್ ಕೂಗಲಿಲ್ಲ, ಕಾರಿತು. ಚಾವಣಿ, ಗೋಡೆ, ಗಡಿಯಾರ ಎಲ್ಲಾ ಕೆಂಪಾಯಿತು. ಬೋರಣ್ಣನ ಹಣೆಗೂ ಒಂದು ಬೊಟ್ಟು ಬಿತ್ತು. ಶಿವರಾಮ್ ಗಾಬರಿಯಲ್ಲಿ ಕುಕ್ಕರಿನಲ್ಲಿ ಉಳಿದ ನೀರನ್ನು ಕಿಟಕಿಯಿಂದಾಚೆ ಬಗ್ಗಿಸಿದ. ಕೆಳಗಿನ ಮನೆಯ ಬಾಡಿಗೆದಾರಳು ಅಣ್ಣಮ್ಮ, ಬಾಣಂತನಕ್ಕೆ ಬರುವ ಮಗಳಿಗೆಂದು ಹೊಸ ಬಿಳಿ ಬೆಡ್‌ಶೀಟ್ ಒಗೆದು ಅಲ್ಲೇ ಒಣಹಾಕಿದ್ದಳು.

"ಓನರ್ರೇ! ಯಾರನ್ನ ಕಡಿದ್ರಿ?"

ಮನೆಯಲ್ಲಿ ಇದ್ದದ್ದು ಒಂದೇ ಬಗೆಯ ಸೋಪು. ಶಿವರಾಮ್ ಆ ಕಂದು ಬಾಟಲಿ ಹಿಡಿದು ಇಳಿದು, ಕಲೆ ಹೋಗದಿರಲಿ ದೇವರೇ ಎಂದು ಒಂದು ಮನಸ್ಸು, ಹೋಗಲಿ ದೇವರೇ ಎಂದು ಇನ್ನೊಂದು ಮನಸ್ಸು ಇಟ್ಟುಕೊಂಡು ಉಜ್ಜಿದ. ಕಲೆ ಹೋಯಿತು. ಮೊದಲಿಗಿಂತ ಬೆಳ್ಳಗಾಯಿತು.

ಅಣ್ಣಮ್ಮ ಶೀಟನ್ನು ಬಿಸಿಲಿಗೆ ಹಿಡಿದು ನೋಡಿದಳು. "ಇದೆಂಥಾ ಸೋಪು? ನಂಗೊಂದ್ ಬಾಟ್ಲಿ ಕೊಡಿ."

"ಮಾರಕ್ಕಲ್ಲ ಅಕ್ಕ."

"ಹಂಗಾದ್ರೆ ಮಧುನ್ನೇ ಕೇಳ್ತೀನಿ ಬಿಡಿ."

"ಅಯ್ಯೋ, ಅವಳಿಗ್ ಹೇಳ್ಬೇಡಿ! ತಗೊಳ್ಳಿ, ಪೂರ್ತಿ ಇಟ್ಕೊಳಿ."

ಅಷ್ಟರಲ್ಲಿ ಮೇಲೆ ಅಕ್ಕಿ ತಳ ಹಿಡಿದು ಪಾತ್ರೆ ಟಾರ್ ಡಬ್ಬದಂತಾಗಿತ್ತು. ಅದೂ ಆ ಸೋಪಿಗೇ ಬಿಟ್ಟಿತು. ಗೋಡೆಯೂ ಬಿಟ್ಟಿತು. ಶಿವರಾಮ್ ಹೊಸದಾಗಿ ಅಕ್ಕಿ ತೊಳೆದು ಬಿರಿಯಾನಿಯನ್ನು ಮತ್ತೆ ಮೊದಲಿನಿಂದ ಶುರು ಮಾಡಿದ. ಇದನ್ನೆಲ್ಲ ಸಿನಿಮಾದಂತೆ ನೋಡುತ್ತಿದ್ದ ಬೋರಣ್ಣ ತನ್ನ ಹಣೆ ತೋರಿಸಿ ತಾನೂ ಒಂದು ಬಾಟಲಿ ವಸೂಲಿ ಮಾಡಿದ. "ಯಾರ್ಗೂ ಹೇಳಲ್ಲ ಮಗಾ," ಎಂದ. ಸಂಜೆಯ ಹೊತ್ತಿಗೆ ಬೀದಿಯಲ್ಲಿ ಗೊತ್ತಿಲ್ಲದೆ ಉಳಿದವಳು ಮಧುಶ್ರೀ ಒಬ್ಬಳೇ.

ರಾತ್ರಿ ಚಿಕ್ಕಬೈರಪ್ಪ ತಟ್ಟೆಯ ಮುಂದೆ ಕೂತರು. ಬಿರಿಯಾನಿ ಆರ್ಕೆಸ್ಟ್ರಾದವರ ಅಂಗಿಯ ಹಾಗೆ ಹೊಳೆಯುತ್ತಿತ್ತು. ಒಂದು ತುತ್ತು ತಿಂದರು. ಚಾವಣಿ ನೋಡಿದರು. ನೀರು ಕುಡಿದರು. ಶಿವರಾಮನ ಉಸಿರು ಸೌಟಿನಲ್ಲೇ ನಿಂತಿತ್ತು.

"ಅಳಿಯಂದ್ರೆ, ಇನ್ನೊಂದ್ ಸೌಟ್ ಹಾಕಿ."

ಶಿವರಾಮನ ಕಣ್ಣು ತುಂಬಿ ಬಂತು. ಅವನು ಹೆಂಡತಿಯ ಕಡೆ ಗೆದ್ದ ಎತ್ತಿನಂತೆ ನೋಡಿದ. ಮಧುಶ್ರೀಯ ಮುಖ ಸಣ್ಣದಾಯಿತು. ಅದನ್ನು ಕಂಡು ಅವನಿಗೆ ಒಂದು ಗಳಿಗೆ ಪಾಪ ಅನ್ನಿಸಿದ್ದೂ ನಿಜ.

"ತಳದಿಂದ ಹಾಕಿ, ಎಣ್ಣೆ ಮಸಾಲೆ ಎಲ್ಲಾ ಬರ್ಬೇಕು," ಎಂದರು ಮಾವ.

ಹಾಕಿದ. ಚಿಕ್ಕಬೈರಪ್ಪ ಅದನ್ನು ಬೊಗಸೆಯಲ್ಲಿ ಎತ್ತಿಕೊಂಡು, ತಮ್ಮ ಬಿಳಿ ಪಂಚೆಯ ಮೊಣಕಾಲಿನ ಮೇಲೆ ಮುದ್ದೆ ತಟ್ಟುವ ಹಾಗೆ ನಿಧಾನವಾಗಿ ಮೆತ್ತಿದರು.

"ಗೇಟಲ್ಲಿ ಅಣ್ಣಮ್ಮ ಕಿವಿಯಲ್ಲಿ ಒಂದ್ ವಿಷಯ ಹೇಳಿದ್ಲು. ಕಣ್ಣಾರೆ ನೋಡ್ದೆ ನಂಬೋ ಆಸಾಮಿ ಅಲ್ಲ ನಾನು. ಎಲ್ಲಿ, ಆ ಸೋಪ್ ತನ್ನಿ."

ಉಜ್ಜುವ ಕೆಲಸವೂ ಶಿವರಾಮನಿಗೇ ಬಂತು. ಅವನು ಮಗುವಿನ ಕೆನ್ನೆ ಸವರುವ ಹಾಗೆ ಸವರುತ್ತಿದ್ದ. ಇನ್ನೊಂದು ಬಾಟಲಿ ಕೇಳಲು ಬಂದು ಬಾಗಿಲಲ್ಲಿ ನಿಂತಿದ್ದ ಅಣ್ಣಮ್ಮ ಬಿಡಲಿಲ್ಲ. "ಮಧ್ಯಾಹ್ನ ಹಿಂಗ್ ಉಜ್ಲಿಲ್ಲ ಕಣಪ್ಪ ಇವ್ರು. ಗಟ್ಟಿಯಾಗ್ ಉಜ್ಜಿ ಓನರ್ರೇ!"

ಕಲೆ ಹೋಯಿತು.

"ಭೇಷ್ ಮಗಳೇ! ಉಳಿದಿರೋ ತೋಟದಲ್ಲಿ ಅಂಟುವಾಳ ಉದುರಿ ಕೊಳೀತಾ ಬಿದ್ದಿದೆ. ನಾಳೆ ಮೂಟೆ ಕಟ್ಸಿ ಕಳಿಸ್ತೀನಿ."

"ಮಾವ ಕೇಳಿ ಹಾಕಿಸ್ಕೊಂಡ್ರು!" ಎಂದು ಶಿವರಾಮ್ ಕೂಗಿದ. "ಎಲ್ರೂ ನೋಡಿದೀರ!"

"ತಿಂದಿದ್ದು ಪಂಚೆ ರೀ, ಅಪ್ಪ ಅಲ್ಲ," ಎಂದಳು ಮಧುಶ್ರೀ. ಎನ್ನುತ್ತಲೇ ಅವನ ಮೂಗಿನ ಮೇಲಿದ್ದ ಕೆಂಪು ಚುಕ್ಕೆಯನ್ನು ಸೆರಗಿನ ತುದಿಯಿಂದ ಒರೆಸಿದಳು.

ಚಿಕ್ಕಬೈರಪ್ಪ ಅಳಿಯನ ಹೆಗಲ ಮೇಲೆ ಕೈ ಇಟ್ಟರು. "ಬೇಜಾರ್ ಮಾಡ್ಕೋಬೇಡಿ ಅಳಿಯಂದ್ರೆ. ನಾಳೆ ನೆಂಟ್ರನ್ನೆಲ್ಲ ಕರೆದು ಸೋಪ್ ತೋರಿಸ್ಬೇಕು. ಕಲೆಗೆ ನಿಮ್ ಬಿರಿಯಾನಿನೇ ಆಗ್ಬೇಕು. ಒಂದ್ ದೊಡ್ ಡಬರಿ ಮಾಡಿಡಿ. ಉಪ್ಪು ಖಾರ ಹಾಕಿ ದಂಡ ಮಾಡ್ಬೇಡಿ, ತಿನ್ನೋರು ಯಾರೂ ಇಲ್ಲ."