ಜೀಪಿನ ಬುಲಾಕು

ಗಂಡ ಸತ್ತ ಮೇಲೆ ಗಂಗಾಮಣಿ ಸಾಕಷ್ಟು ಅತ್ತಳು. ಅವಳು ಅತ್ತು ಮುಗಿಸುವ ಹೊತ್ತಿಗೆ ಅವನ ಜೀಪು ಅಳಲು ಶುರು ಮಾಡಿತು.

ಜೀಪಿನದು ಕಳ್ಳ ಅಳು. ಎಲ್ಲಿಂದ ಬರುತ್ತದೆ ಎಂದು ಯಾರಿಗೂ ತೋರಿಸದು. ಬೆಳಿಗ್ಗೆ ಎದ್ದು ನೋಡಿದರೆ ಅಂಗಳದಲ್ಲಿ ಅದರ ಹೊಟ್ಟೆಯ ಕೆಳಗೆ ಮೊರದಗಲ ಒದ್ದೆ. ರೇಡಿಯೇಟರಿನ ಮುಚ್ಚಳ ತಿರುವಿದರೆ ಒಳಗೆ ನೀರಿಲ್ಲ. ತುಂಬಿಸಿಕೊಂಡು ಹೊರಟರೆ ವನಗೂರಿನ ಏರು ಅರ್ಧ ಹತ್ತುವಷ್ಟರಲ್ಲಿ ಮೂತಿಯಿಂದ ಭುಸ್ಸೆಂದು ಹಬೆ. ಹಿಂದೆ ಕೂತ ಎಸ್ಟೇಟಿನ ಆಳುಗಳು ಇಳಿದು ತಳ್ಳಬೇಕು. ತಳ್ಳುವವರು ಸುಮ್ಮನೆ ತಳ್ಳುವುದಿಲ್ಲ. "ಲಕ್ಕಪ್ಪಣ್ಣ ಇದ್ದಾಗ ಹಿಂಗಿರ್ಲಿಲ್ಲ ಬುಡಿ" ಅನ್ನುತ್ತ ತಳ್ಳುತ್ತಾರೆ. (ಲಕ್ಕಪ್ಪ ಇದ್ದಾಗ ಯಾವುದೂ ಹೀಗಿರಲಿಲ್ಲ. ಅದನ್ನು ಗಂಗಾಮಣಿಗೆ ಇನ್ನೊಬ್ಬರು ಹೇಳಬೇಕಾಗಿರಲಿಲ್ಲ.)

ಈಗ ಜೀಪು ಓಡಿಸುತ್ತಿದ್ದವನು ಲಕ್ಕಪ್ಪನ ತಮ್ಮ ತಿಮ್ಮಯ್ಯ. ಪಕ್ಕದ ಮನೆಯವನು. ಆಸಾಮಿ ಒಳ್ಳೆಯವನೇ, ಆದರೆ ಹೊಟ್ಟೆ ದೊಡ್ಡದು. ತನ್ನ ಹೊಟ್ಟೆಯನ್ನು ಜೀಪಿನ ಹೊಟ್ಟೆಯ ಕೆಳಗೆ ತೂರಿಸುವುದು ಅವನಿಂದಾಗದ ಕೆಲಸ. ಹಾಗಾಗಿ ಅವನ ತಪಾಸಣೆಯೆಲ್ಲ ನಿಂತುಕೊಂಡೇ ನಡೆಯುತ್ತಿತ್ತು. ಬಾನೆಟ್ ಎತ್ತುವನು. ಸೊಂಟಕ್ಕೆ ಕೈ ಕೊಡುವನು. ಸಾಕ್ಷಾತ್ ಧನ್ವಂತರಿಯ ಹಾಗೆ ಕಣ್ಣು ಮುಚ್ಚುವನು. ಕಣ್ಣು ಬಿಟ್ಟಾಗ ಒಂದು ಕಾಯಿಲೆಯ ಹೆಸರು ಹೇಳುವನು.

"ಹೋಸ್ ಪೈಪು ಸೀಳೈತೆ ಅತ್ತಿಗೆ."

ಹಳೇ ಟ್ಯೂಬು ಕತ್ತರಿಸಿ ಪೈಪಿಗೆ ಬಾಣಂತಿಯ ಹೊಟ್ಟೆಗೆ ಕಟ್ಟುವ ಹಾಗೆ ಬಿಗಿದು ಕಟ್ಟಿದರು. ಸೋರಿತು.

"ಮುಚ್ಚಳದ ವಾಷರ್ರು ಹೋಗ್ಬುಟ್ಟೈತೆ."

ಹೊಸ ಮುಚ್ಚಳ ಬಂತು. ಸೋರಿತು.

"ಬರೀ ನೀರು ತೆಳ್ಳಗಿರ್ತದೆ, ಅದಕ್ಕೇ ಸೋರೋದು. ಕೂಲೆಂಟ್ ಅಂತ ಬರ್ತದೆ, ಅದು ದಪ್ಪ."

ಸಕಲೇಶಪುರದಿಂದ ಡಬ್ಬ ಬಂತು. ಒಳಗೆ ಗಿಳಿಹಸಿರು ನೀರು. ಶುಕ್ರವಾರ ಸಂಜೆ ಶುರುವಾಗಿ ಭಾನುವಾರದ ಹೊತ್ತಿಗೆ ಆ ದಪ್ಪ ನೀರೂ ಅಂಗಳ ಸೇರಿತು.

ಗಂಗಾಮಣಿ ಓದಿದವಳಲ್ಲ. ಆದರೆ ಸೋರುವ ಮಡಕೆ ನೋಡಿದವಳು. ಒಲೆಯ ಬೂದಿ ತಂದು ಜೀಪಿನ ಕೆಳಗೆ ಜರಡಿ ಹಿಡಿದಳು. ಬೂದಿಯ ಮೇಲೆ ತೊಟ್ಟು ಬಿದ್ದ ಗುರುತು ಮೂಡಿದ್ದು ಮುಂದೆ ರೇಡಿಯೇಟರಿನ ಕೆಳಗಲ್ಲ, ಹಿಂದೆ ಎಂಜಿನ್ನಿನ ಕೆಳಗೆ. ತಿಮ್ಮಯ್ಯನ ಮುಖ ಇಳಿಯಿತು.

"ಎಂಜಿನ್ ಬ್ಲಾಕೇ ಬಿರುಕು ಬಿಟ್ಟೈತೆ. ಇನ್ನು ಇದು ಗುಜರಿಗೇ. ಗುಜರಿ ಆಗೋ ಮುಂಚೆ ಯಾರಿಗಾದ್ರೂ ದಾಟಿಸ್ಬುಡಾನ ಅತ್ತಿಗೆ."

"ನನ್ನನ್ನೂ ದಾಟ್ಸಿಬುಡು."

"ಅಯ್ಯೋ, ನಿನ್ನನ್ನ ಯಾರು ತಗೋತಾರೆ ಮಾರಾಯ್ತಿ!"

ತಿಮ್ಮಯ್ಯ ನಗೆಗೆ ಹೇಳಿದ. ಗಂಗಾಮಣಿ ನಗಲಿಲ್ಲ. ಮದುವೆಯಾಗಿ ಅವಳು ಈ ಮನೆಗೆ ಬಂದದ್ದು ಆ ಜೀಪಿನಲ್ಲಿ. ಲಕ್ಕಪ್ಪ ಕೊನೆಯ ಸಲ ಆಸ್ಪತ್ರೆಗೆ ಹೋದದ್ದೂ ಅದರಲ್ಲೇ. ಹಿಂದಕ್ಕೆ ಬಂದದ್ದೂ ಅದರಲ್ಲೇ. ಅದನ್ನು ಮಾರಿದರೆ ಅಂಗಳದಲ್ಲಿ ಉಳಿಯುವುದು ಒದ್ದೆ ಬೂದಿ.

ತಿಮ್ಮಯ್ಯ ಮಾತ್ರ ಊರಿಗೆ ಹೊಸದಾಗಿ ಬಂದಿದ್ದ ಎಸ್‌ಟಿಡಿ ಬೂತಿನಿಂದ ಕುಂದೂರಿನ ಪರಮಶಿವಯ್ಯನಿಗೆ ಫೋನು ಮಾಡಿಯೇಬಿಟ್ಟ. ಪರಮಶಿವಯ್ಯ ಹಳೇ ಜೀಪು ಕೊಂಡು ಸರಿಮಾಡಿ ಮಾರುವ ಮನುಷ್ಯ. ಶುಕ್ರವಾರ ಬರುತ್ತೇನೆ ಎಂದ.

ಮಂಗಳವಾರ ಗಂಗಾಮಣಿ ಅತ್ತೆ ಭೂತಮ್ಮನ ಎದುರಿಗೆ ಮೈದುನನನ್ನು ಕರೆಸಿದಳು. ಭೂತಮ್ಮ ಜಗಲಿಯ ಮೇಲೆ ಮಣೆ ಹಾಕಿಕೊಂಡು ಎಲೆ ಅಡಿಕೆ ಕುಟ್ಟುತ್ತಿದ್ದಳು. ಆ ಮನೆಯ ಹೈಕೋರ್ಟು ಅದು.

"ಸೋರೋದು ಯಾಕೆ ಅಂತ ಕಂಡುಹಿಡ್ದಿದೀನಿ" ಎಂದಳು ಗಂಗಾಮಣಿ. "ಗುರುವಾರ ಇವನು ಜೀಪ್ ತಗೊಂಡು ಸಕಲೇಶಪುರಕ್ಕೆ ಹೋಗ್ತಾನೆ. ಶುಕ್ರವಾರ ಸೋರಾಕೆ ಶುರು ಆಗ್ತದೆ. ಎರಡು ದಿನ ಸೋರ್ತದೆ. ಕೆಸರಲ್ಲಿ ಅಡ್ಡಾಡಿ ಬಂದ ಮೇಲೆ ತಾನಾಗೇ ನಿಲ್ತದೆ. ಗುರುವಾರ ಮತ್ತೆ ಇವನು ಹೋಗ್ತಾನೆ. ಶುಕ್ರವಾರ ಮತ್ತೆ ಸೋರ್ತದೆ."

"ಅಂದ್ರೆ?" ಎಂದ ತಿಮ್ಮಯ್ಯ.

"ಅಂದ್ರೆ ನೀನೇ."

"ನಾನು ಏನು ಸೋರ್ತೀನಾ?"

"ಸೋರಂಗೆ ಮಾಡ್ತೀಯ. ಮಾರೋ ಆಸೆಗೆ."

ತಿಮ್ಮಯ್ಯ ತಾಯಿಯ ಕಡೆ ತಿರುಗಿದ. "ಅವ್ವಾ, ಕೇಳ್ದಾ? ಅಣ್ಣನ ಗಾಡಿಗೆ ನಾನು ತೂತು ಹೊಡೀತೀನಂತೆ!"

"ಕೇಳ್ತು ಕಣ್ಲಾ" ಎಂದಳು ಭೂತಮ್ಮ, ಕುಟ್ಟುವುದನ್ನು ನಿಲ್ಲಿಸದೆ. "ಹೊಡೆದಿದ್ರೆ ಎಲ್ಲಿ ಹೊಡ್ದೆ ಅಂತ ಹೇಳ್ಬುಡು, ಮುಚ್ಚಾನ."

"ಸರಿ ಹಂಗಾದ್ರೆ" ಎಂದ ತಿಮ್ಮಯ್ಯ. ಮೂಗು ಕೆಂಪಾಗಿತ್ತು. "ಪರಮಶಿವಯ್ಯ ಬರೋದ್ರೊಳಗೆ ಎಲ್ಲಿ ಸೋರ್ತದೆ ಅಂತ ಜಾಗ ತೋರ್ಸು ಅತ್ತಿಗೆ. ತೋರ್ಸಿದ್ರೆ ಮಾರೋ ಮಾತು ಎತ್ತಲ್ಲ. ತೋರ್ಸದೆ ಹೋದ್ರೆ ಕೀ ಅವನ ಕೈಗೆ."

"ತೋರ್ಸ್ತೀನಿ. ಯಾರ ಕೈಯಿಂದ ಈ ನೀರು ಹೋಗ್ತಾ ಐತೋ, ಆ ಕೈ ಇನ್ನು ಈ ಜೀಪ್ ಮುಟ್ಟಂಗಿಲ್ಲ. ಮನೆದೇವರ ಆಣೆ."

"ಆಗ್ಲಿ. ಮನೆದೇವರ ಆಣೆ."

ಭೂತಮ್ಮ ಎಲೆಯ ರಸ ಉಗಿದಳು. ತೀರ್ಪಿಗೆ ಮೊಹರು ಬಿತ್ತು.

ಆ ವಾರ ತಿಮ್ಮಯ್ಯ ಸಕಲೇಶಪುರಕ್ಕೆ ಹೋಗಲಿಲ್ಲ. ಜೀಪಿನ ಹತ್ತಿರ ಸುಳಿಯಲೂ ಇಲ್ಲ. ಗಂಗಾಮಣಿ ಸೌದೆ ಒಟ್ಟುವ ನೆಪದಲ್ಲಿ ಅಂಗಳದಲ್ಲೇ ಕಾವಲಿದ್ದಳು. ಗುರುವಾರ ಅವಳಿಗೆ ಒಂದು ಮಾತು ನೆನಪಾಯಿತು. ಘಟ್ಟದಲ್ಲಿ ಲಾರಿಯವರು ರೇಡಿಯೇಟರ್ ಸೋರಿದರೆ ಅರಿಶಿನದ ಪುಡಿ ಹಾಕುತ್ತಾರೆ, ಪುಡಿ ಹೋಗಿ ತೂತಿನಲ್ಲಿ ಕೂರುತ್ತದೆ ಎಂದು ಲಕ್ಕಪ್ಪ ಊಟದ ಹೊತ್ತಿನಲ್ಲಿ ಹೇಳುತ್ತಿದ್ದ. ಒಳಗೆ ಹೋಗಿ ಕನ್ನಡಿಯ ಹಿಂದಿನ ಗೂಡಿಗೆ ಕೈ ಹಾಕಿದಳು. ಮುಖಕ್ಕೆ ಹಚ್ಚುವ ಅರಿಶಿನದ ಡಬ್ಬ ಅಲ್ಲೇ ಇತ್ತು. ಅವನು ಹೋದಂದಿನಿಂದ ಅದರ ಮುಚ್ಚಳ ತೆಗೆದಿರಲಿಲ್ಲ.

ಇನ್ನು ಇದು ಯಾರ ಕೆನ್ನೆಗೆ ಎಂದುಕೊಂಡಳು. ಇಡೀ ಡಬ್ಬವನ್ನು ಬಿಂದಿಗೆ ನೀರಿಗೆ ಕದಡಿ ರೇಡಿಯೇಟರಿಗೆ ಸುರಿದಳು.

ಶುಕ್ರವಾರ ಬೆಳಿಗ್ಗೆ ಬೂದಿ ಒಣಗಿತ್ತು. ಒಂದು ತೊಟ್ಟೂ ಬಿದ್ದಿರಲಿಲ್ಲ.

"ಅತ್ತೆ, ನೋಡಿ! ಅವನು ಬರ್ಲಿಲ್ಲ, ಅದು ಸೋರ್ಲಿಲ್ಲ!"

ಭೂತಮ್ಮ ನೋಡಿದಳು. "ಅರಿಶಿನಕ್ಕೆ ನಿಂತ್ತೋ, ಅವನು ಬರದೆ ನಿಂತ್ತೋ?"

ಅಷ್ಟರಲ್ಲಿ ಪರಮಶಿವಯ್ಯ ಬಂದ. ಬಿಳೀ ಪಂಚೆ, ಕಂಕುಳಲ್ಲಿ ಕೊಡೆ. ಜೀಪನ್ನು ಸುತ್ತು ಹಾಕಿದ. ಟೈರಿಗೆ ಒದ್ದ. ಬಗ್ಗಿ ಬೂದಿ ನೋಡಿದ.

"ಎಲ್ಲಿ ಸೋರ್ತದೆ ತಿಮ್ಮಯ್ಯ? ಒಣಗಿ ಕಟಕಟ ಅಂತೈತೆ. ಗಾಡಿ ಚೆನ್ನಾಗೇ ಐತೆ ಕಣಯ್ಯ, ತಗೋತೀನಿ."

ಸೋರಿದರೆ ಗುಜರಿಗೆ ಹೋಗುತ್ತಿತ್ತು. ಸೋರದೆ ಇದ್ದರೆ ಕುಂದೂರಿಗೆ ಹೋಗುತ್ತದೆ. ಇಷ್ಟು ದಿನ ನಿಲ್ಲು ನಿಲ್ಲು ಎಂದಾಗ ನಿಲ್ಲದ ನೀರು, ಬೇಕಾದ ದಿನ ಬಾಯಿ ಮುಚ್ಚಿ ಕೂತಿದೆ.

"ಜಾಗ ತೋರಿಸ್ತೀಯಾ ಅತ್ತಿಗೆ?" ಎಂದ ತಿಮ್ಮಯ್ಯ. ದನಿ ಮೆತ್ತಗಾಗಿತ್ತು. ಗೆದ್ದವನ ದನಿ ಮೆತ್ತಗಿದ್ದರೆ ಇನ್ನೂ ಕಷ್ಟ.

ತೋರಿಸುವುದಕ್ಕೆ ಅವಳಲ್ಲಿ ಏನೂ ಇರಲಿಲ್ಲ. ತಿಮ್ಮಯ್ಯ ಕೀ ತರಲು ಒಳಗೆ ಹೋದ.

"ಇವತ್ತು ಶುಕ್ರವಾರ" ಎಂದಳು ಗಂಗಾಮಣಿ, ಯಾರಿಗೂ ಅಲ್ಲ ಎನ್ನುವ ಹಾಗೆ. "ತೊಳೆದು ಕಳಿಸ್ತೀನಿ. ಕೊಳಕಾಗಿ ಕಳಿಸಿದ್ರು ಅನ್ನಿಸ್ಕಬಾರ್ದು."

ಪರಮಶಿವಯ್ಯ ಧಾರಾಳ ಮನುಷ್ಯ. "ತೊಳೀರವ್ವ, ತೊಳೀರಿ" ಎಂದು ಜಗಲಿ ಹತ್ತಿ ಕೂತ. ಭೂತಮ್ಮ ಕಾಫಿ ಕೊಡಿಸಿದಳು.

ಪ್ರತಿ ಶುಕ್ರವಾರ ಗಂಗಾಮಣಿಗೆ ಒಂದು ಪದ್ಧತಿ ಇತ್ತು. ದೇವರ ದೀಪ, ಗಂಟೆ, ತಾಂಬೂಲದ ತಟ್ಟೆ ಎಲ್ಲ ಹುಣಸೆಹಣ್ಣು ಹಾಕಿ ಬೆಳಗುವುದು. ಲಕ್ಕಪ್ಪ ಹೋದ ಮೇಲೆ ಮಿಕ್ಕ ಹುಣಸೆಹಣ್ಣಿನಲ್ಲಿ ಜೀಪಿಗೂ ಒಂದು ಕೈ. ಜೀಪಿನಲ್ಲಿ ಹಿತ್ತಾಳೆ ಏನಿದೆ ಎನ್ನಬೇಡಿ. ಮೂತಿಯ ಕೆಳಗೆ, ಬಗ್ಗಿ ತೂರಿದವರಿಗೆ ಮಾತ್ರ ಕಾಣುವ ಹಾಗೆ, ಒಂದು ಪುಟ್ಟ ಹಿತ್ತಾಳೆ ಸಾಮಾನು ನೇತಾಡುತ್ತಿತ್ತು. ಕಿವಿಯ ಹಾಗೆ ಎರಡು ರೆಕ್ಕೆ. ಮೂಗಿನ ಕೆಳಗಿನ ಒಡವೆ ಬುಲಾಕಲ್ಲದೆ ಇನ್ನೇನು? ಗಂಗಾಮಣಿ ಅದಕ್ಕೆ ಹಾಗೇ ಹೆಸರಿಟ್ಟಿದ್ದಳು. ಗುರುವಾರದ ತನಕ ಕೆಸರು ಮೆತ್ತಿಕೊಂಡು ಒಣಗಿ ಕರ್ರಗಿರುವ ಬುಲಾಕು, ಶುಕ್ರವಾರ ಅವಳ ಕೈ ಬಿದ್ದರೆ ಚಿನ್ನದ ಹಾಗೆ ಹೊಳೆಯುತ್ತಿತ್ತು. ಬೇರೆ ಯಾರೂ ನೋಡುವುದಿಲ್ಲ. ನೋಡಬೇಕಾದವನು ನೋಡುತ್ತಾನೆ ಎಂದು ಅವಳ ಲೆಕ್ಕ.

ಇವತ್ತು ಕೊನೆಯ ಸಲ. ಅಂಗಾತ ಮಲಗಿ ಕೆಳಗೆ ತೂರಿದಳು. ಮೆತ್ತಿದ್ದ ಕೆಸರನ್ನು ಕೆತ್ತಿ ತೆಗೆದಳು. ಹುಣಸೆಹಣ್ಣು ಒತ್ತಿ ತಿಕ್ಕಿದಳು. ಕಣ್ಣಿನಲ್ಲಿ ನೀರು ಬಂತು, ಇನ್ನೂ ಜೋರಾಗಿ ತಿಕ್ಕಿದಳು. ರೆಕ್ಕೆ ಹಿಡಿದು ಈ ಕಡೆ ಒಂದು ಸಲ, ಆ ಕಡೆ ಒಂದು ಸಲ. ಬಿಟ್ಟು ಹೋದ ಗಂಡನ ಮೇಲಿನ ಸಿಟ್ಟು, ಕೀ ತರಲು ಹೋದ ಮೈದುನನ ಮೇಲಿನ ಸಿಟ್ಟು, ಕಾಫಿ ಸೊರ್ರೆಂದು ಹೀರುತ್ತಿದ್ದ ಪರಮಶಿವಯ್ಯನ ಮೇಲಿನ ಸಿಟ್ಟು, ಎಲ್ಲವೂ ಆ ಬುಲಾಕಿನ ಮೇಲೆ ಬಿತ್ತು.

ಬುಲಾಕು ಗಿರ್ರನೆ ತಿರುಗಿತು.

ಮುಖದ ಮೇಲೆ ಧೋ ಎಂದು ನೀರು.

"ಬಂತು! ಸೋರ್ತು! ಬನ್ರೋ, ಇಲ್ಲೇ ಐತೆ ಜಾಗ! ತಿಮ್ಮಯ್ಯಾ! ಹಿಡೀರಿ ಅವನ್ನ, ಓಡೋಗ್ತಾನೆ!"

ತಿಮ್ಮಯ್ಯ ಕೀ ಹಿಡಿದು ಬಾಗಿಲಲ್ಲಿ ನಿಂತಿದ್ದ. ಓಡುವ ದೇಹವೂ ಅಲ್ಲ ಅದು. ಎಲ್ಲರೂ ಬಂದು ಬಗ್ಗಿದರು. ಆವತ್ತು ತಿಮ್ಮಯ್ಯನ ಹೊಟ್ಟೆಯೂ ಬಗ್ಗಿತು. ಅವರು ಕಂಡದ್ದು ಇಷ್ಟು: ಕೆಸರು, ಗ್ರೀಸು, ತುಕ್ಕಿನ ನಡುವೆ ದೇವರ ಮನೆಯ ದೀಪದ ಹಾಗೆ ಥಳಥಳ ಹೊಳೆಯುವ ಒಂದು ಹಿತ್ತಾಳೆ ಕೊಳಾಯಿ. ಅದರ ಮೇಲೆ ಗಂಗಾಮಣಿಯ ಬಲಗೈ. ಕೈಯಲ್ಲಿ ಹುಣಸೆಹಣ್ಣು.

ನೀರು ಗೊಳಗೊಳ ಸುರಿಯುತ್ತಲೇ ಇತ್ತು.

"ಅದು ರೇಡಿಯೇಟರ್ ಖಾಲಿ ಮಾಡೋ ಕೊಳಾಯಿ ಕಣವ್ವ" ಎಂದ ಪರಮಶಿವಯ್ಯ. "ಅದನ್ನ ಯಾಕೆ ತಿರುಗಿಸ್ತಾ ಇದ್ದೀಯ?"

"ತಿರುಗಿಸ್ತಾ ಇಲ್ಲ" ಎಂದಳು ಗಂಗಾಮಣಿ ಕೆಳಗಿನಿಂದ. ದನಿ ಸಣ್ಣದಾಗಿತ್ತು. "ಬೆಳಗ್ತಾ ಇದೀನಿ."

"ವಾರವಾರಾನೂ?"

"ಶುಕ್ರವಾರ ಮಾತ್ರ."

ತಿಮ್ಮಯ್ಯ ಜೀಪು ನಿಂತ ಅಂಗಳದ ಇಳಿಜಾರು ನೋಡಿದ. ಮೂತಿ ಮೇಲೆ, ಬಾಲ ಕೆಳಗೆ. ಕೊಳಾಯಿಯ ನೀರು ಜೀಪಿನಡಿಯ ಚಾಸಿಪಟ್ಟಿ ಹಿಡಿದು ಹಿಂದಕ್ಕೆ ಹರಿದು, ಎಂಜಿನ್ನಿನ ಕೆಳಗೆ ತೊಟ್ಟಿಕ್ಕುತ್ತಿತ್ತು. ಎಂಜಿನ್ನಿಗೆ ಬಿರುಕು ಬಿಡಿಸಿದ ಧನ್ವಂತರಿಯೂ ತಲೆ ಕೆರೆದುಕೊಂಡ.

"ಹಂಗಾದ್ರೆ ಎಂಜಿನ್ ಕಲ್ಲು ಇದ್ದಂಗೈತೆ!" ಪರಮಶಿವಯ್ಯನಿಗೆ ಹುಮ್ಮಸ್ಸು ಬಂತು. "ತಾ ಕೀ."

ಗಂಗಾಮಣಿ ಕೆಳಗಿನಿಂದಲೇ ಮೈದುನನ ಪಾದ ನೋಡಿದಳು. ಪಾದ ಅಲ್ಲಾಡಲಿಲ್ಲ.

"ಕೊಡಲ್ಲ ಪರಮಶಿವಣ್ಣ" ಎಂದ ತಿಮ್ಮಯ್ಯ. "ಜಾಗ ತೋರ್ಸಿದ್ರೆ ಮಾರಲ್ಲ ಅಂದಿದ್ದೆ. ತೋರ್ಸ್ಬುಟ್ಲು. ಕೈ ಇಟ್ಟೇ ತೋರ್ಸ್ಬುಟ್ಲು." ಆಮೇಲೆ ಬಗ್ಗಿ, ಬಹಳ ಮರ್ಯಾದೆಯಿಂದ, "ಅತ್ತಿಗೆ, ಆ ಕೈ ತೆಗೀತೀಯಾ? ಇನ್ನು ಅದು ಜೀಪ್ ಮುಟ್ಟಂಗಿಲ್ಲ. ಮನೆದೇವರ ಆಣೆ" ಎಂದ.

ಗಂಗಾಮಣಿ ತೆವಳಿ ಹೊರಗೆ ಬಂದಳು. ಹಣೆ, ಕೆನ್ನೆ, ಕುತ್ತಿಗೆ, ಮೊಣಕೈತನಕ ಹಳದಿ. ಇಡೀ ಡಬ್ಬದ ಅರಿಶಿನ. ಸೆರಗಿನಿಂದ ಒರೆಸಿಕೊಂಡಳು, ಸೆರಗೂ ಹಳದಿಯಾಯಿತು. ವರ್ಷ ತುಂಬದ ವಿಧವೆ ಅಂಗಳದ ನಡುವೆ ಹಸೆಯಿಂದ ಎದ್ದ ಮದುಮಗಳ ಹಾಗೆ ನಿಂತಿದ್ದಳು. ಗಂಡಸರು ಮುಖ ಆ ಕಡೆ ತಿರುಗಿಸಿದರು.

ಭೂತಮ್ಮ ಸೊಸೆಯನ್ನೇ ನೋಡುತ್ತ ಅಡಿಕೆ ಅಗಿಯುವುದನ್ನು ಮರೆತಳು. "ಅರಿಶಿನದ ನೀರು ಹುಯ್ದವ್ನೆ ನನ್ ಮಗ" ಎಂದಳು. "ಬದುಕಿದ್ದಾಗ್ಲೂ ಹಿಂಗೇ. ಕೊಟ್ಟಿದ್ದು ಇಟ್ಕೋತಿರ್ಲಿಲ್ಲ." ಹೇಳಿ ನಗಲು ಶುರುಮಾಡಿದವಳು ಕೆಮ್ಮು ಬರುವ ತನಕ ನಕ್ಕಳು.

ಕೊಳಾಯಿ ಬಿಗಿಮಾಡಿ ನೀರು ತುಂಬಿಸಿದರು. ಪರಮಶಿವಯ್ಯನನ್ನು ಏರಿನ ಮೇಲೆ ಬಸ್ಸಿಗೆ ಬಿಡಬೇಕಿತ್ತು. ಏರು ಹತ್ತುವಾಗ ಹಬೆ ಬರುತ್ತದೋ ಇಲ್ಲವೋ ಕಣ್ಣಾರೆ ನೋಡಬೇಕೆಂದು ಗಂಗಾಮಣಿ ಹಟ ಹಿಡಿದಳು. ಮುಟ್ಟದೆ ಹತ್ತುವುದು ಹೇಗೆ? ಭೂತಮ್ಮ ತನ್ನ ಮಣೆ ಕೊಟ್ಟಳು. ಗಂಗಾಮಣಿ ಮಣೆಯ ಮೇಲೆ ಕಾಲಿಟ್ಟು, ಎರಡೂ ಕೈ ಎದೆಗೆ ಕಟ್ಟಿಕೊಂಡು, ಮುಂದಿನ ಸೀಟಿನಲ್ಲಿ ಕೂತಳು. ಪರಮಶಿವಯ್ಯ ಹಿಂದೆ ಕೂತ.

ಮೊದಲನೇ ತಿರುವಿನಲ್ಲಿ ತಿಮ್ಮಯ್ಯನ ಮೇಲೆ ಬಿದ್ದಳು. ಎರಡನೇ ತಿರುವಿನಲ್ಲಿ ಹೊರಗೆ ಬೀಳುವುದರಲ್ಲಿದ್ದಳು. ಪರಮಶಿವಯ್ಯ ಹಿಂದಿನಿಂದ ಕೊಡೆಯ ಹಿಡಿ ಅಡ್ಡ ಕೊಟ್ಟ.

"ಕಂಬಿ ಹಿಡ್ಕೋ ಅತ್ತಿಗೆ! ಸಾಯ್ತೀಯ!"

"ಆಣೆ."

ಎದುರಿಗೇ ಕಂಬಿ. ಒಂದು ಕಡೆ ಬಣ್ಣ ಹೋಗಿ ಕಬ್ಬಿಣ ನುಣುಪಾಗಿತ್ತು. ಲಕ್ಕಪ್ಪ ಓಡಿಸುವಾಗ ಅಲ್ಲೇ ಕೂತು, ಅಲ್ಲೇ ಹಿಡಿದು, ಅವಳ ಕೈಯೇ ಸವೆಸಿದ ಜಾಗ. ದೊಡ್ಡ ತಿರುವು ಬಂತು. ಕೆಳಗೆ ಕಣಿವೆ. ಕೈ ತಾನಾಗಿ ಹೋಗಿ ಅದೇ ಜಾಗ ಹಿಡಿಯಿತು.

ತಿಮ್ಮಯ್ಯ ಓರೆಗಣ್ಣಲ್ಲಿ ನೋಡಿದ. "ಅತ್ತಿಗೆ, ಕೈ..."

"ರಸ್ತೆ ನೋಡು."

ಹಬೆ ಬರಲಿಲ್ಲ. ಜೀಪು ಒಂದೇ ಉಸಿರಿಗೆ ಏರು ಹತ್ತಿ ಬಸ್ಸು ನಿಲ್ಲುವ ಕಡೆ ನಿಂತಿತು. ಅಲ್ಲಿ ಊರಿನ ಅರ್ಧ ಜನ ಬಸ್ಸು ಕಾಯುತ್ತಿದ್ದರು. ಎಲ್ಲರ ಕಣ್ಣೂ ಜೀಪಿನತ್ತ ತಿರುಗಿತು. ಮುಂದಿನ ಸೀಟಿನಲ್ಲಿ ಮುಖದ ತುಂಬ ಅರಿಶಿನದ ಗಂಗಾಮಣಿ, ಪಕ್ಕದಲ್ಲಿ ಬೆವರುತ್ತಿರುವ ಮೈದುನ, ಹಿಂದೆ ಬಿಳೀ ಪಂಚೆ ಉಟ್ಟು ಕೊಡೆ ಹಿಡಿದ ಹೊರಗಿನ ಗಂಡಸು. ದಿಬ್ಬಣಕ್ಕೆ ಒಂದು ವಾಲಗ ಕಡಿಮೆ.

ಕಾಯುತ್ತಿದ್ದವರಲ್ಲೊಬ್ಬಳು, ಸರೋಜಮ್ಮ, ಬಾಯಿಗೆ ಸೆರಗು ಹಿಡಿದು ಹತ್ತಿರ ಬಂದಳು. ಪರಮಶಿವಯ್ಯನನ್ನು ಮೇಲಿನಿಂದ ಕೆಳಗೆ ನೋಡಿದಳು.

"ಗಂಗಾಮಣೀ, ಇದೇನವ್ವ ಇದು?"

ಗಂಗಾಮಣಿ ಕಂಬಿ ಬಿಡಲಿಲ್ಲ.

"ಜೀಪ್ ರಿಪೇರಿ" ಎಂದಳು.