ಬಿಡಿಭಾಗ ಸಂಖ್ಯೆ ಹದಿನೇಳು

ಮೂವತ್ತೆರಡು ಸಾವಿರ ರೂಪಾಯಿಯ ಫ್ರೀಜರ್‌ಗೆ ಐದು ವರ್ಷದ ಗ್ಯಾರಂಟಿ ಇರುತ್ತದೆ. ಆದರೆ ಅದು ಸಮತಟ್ಟಾಗಿ ನಿಂತಿದೆ ಎಂದು ಕಂಪನಿಯ ಮಟ್ಟಾಧಿಕಾರಿ ಬರೆದುಕೊಟ್ಟ ಮೇಲೆ ಮಾತ್ರ. ನಾನು ಇಪ್ಪತ್ತಾರು ವರ್ಷದಿಂದ ಇಂಥ ಪೆಟ್ಟಿಗೆಗಳನ್ನು ಮಾರುತ್ತಿದ್ದೇನೆ. ಈ ನಿಯಮದಿಂದ ಇದುವರೆಗೆ ಯಾರಿಗೂ ತೊಂದರೆಯಾಗಿಲ್ಲ, ಕೊಂಡವರನ್ನು ಬಿಟ್ಟು.

ಈ ಸಲ ಕೊಂಡವಳು ನಮ್ಮ ಬೀದಿಯ ಕೊನೆಯ ಕಟ್ಟಡದ ಎರಡನೇ ಮಹಡಿಯಲ್ಲಿರುವ ಕ್ಯಾಂಡಿ ಅಕ್ಕ. ಮನೆಯಲ್ಲೇ ಐಸ್ ಕ್ಯಾಂಡಿ ಮಾಡಿ ಮಾರುತ್ತಾಳೆ. ಶನಿವಾರ ಶಾಲೆಯ ಆಟದ ಪಂದ್ಯಕ್ಕೆ ನಾನೂರು ಕ್ಯಾಂಡಿ ಒಪ್ಪಿಕೊಂಡು, ಆ ಧೈರ್ಯದ ಮೇಲೆ ಫ್ರೀಜರ್ ತೆಗೆದುಕೊಂಡಿದ್ದಳು. ಕೂಲಿಯವರು ಅದನ್ನು ಅಡುಗೆಮನೆಯ ಮೂಲೆಯಲ್ಲಿ ನಿಲ್ಲಿಸಿ ಹೊರಟರು. ಅವರು ಮೆಟ್ಟಿಲಿಳಿಯುವಷ್ಟರಲ್ಲಿ ಫ್ರೀಜರ್ ಬಾಗಿಲು ತಾನಾಗಿ ತೆರೆದುಕೊಂಡಿತು. ಮುಚ್ಚಿದಳು. ಮತ್ತೆ ತೆರೆಯಿತು.

ಫೋನ್ ಬಂತು, ಹೋಗಿ ನೋಡಿದೆ. ಅಲ್ಲಿ ನೆಲವೇ ಒಂದು ಬೆರಳು ಇಳಿಜಾರು. ಪೆಟ್ಟಿಗೆ ಮುಂದಕ್ಕೆ ಬಗ್ಗಿ ಏನನ್ನೋ ಹುಡುಕುವವರಂತೆ ನಿಂತಿತ್ತು. ಮುಂದಿನ ಎರಡು ಕಾಲುಗಳನ್ನು ಸ್ಪ್ಯಾನರ್ ಹಾಕಿ ಎರಡೆರಡು ಸುತ್ತು ತಿರುಗಿಸಿದರೆ ಕೆಲಸ ಮುಗಿಯಿತು.

"ತಿರುಗಿಸಿಬಿಡಿ ಅಣ್ಣಾ," ಎಂದಳು ಕ್ಯಾಂಡಿ ಅಕ್ಕ.

"ನಾನು ಮುಟ್ಟಿದ್ರೆ ಗ್ಯಾರಂಟಿ ಹೋಗುತ್ತಮ್ಮ. ಹದಿನಾಲ್ಕನೇ ನಿಯಮ. ಕಾಲು ತಿರುಗಿಸೋ ಅಧಿಕಾರ ಮಟ್ಟಾಧಿಕಾರಿಗೆ ಮಾತ್ರ."

ಅಡುಗೆಮನೆ ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದ ಅವಳ ಅತ್ತೆ ಬಾಯಿ ಹಾಕಿದರು. "ಅಲ್ಲಪ್ಪಾ, ಮಾರೋವಾಗ ಕಾಲಿದೆ ಅಂತ ತೋರಿಸಿದೆ. ಮುಟ್ಟಬಾರದು ಅಂತ ಹೇಳಲೇ ಇಲ್ಲ?"

"ನೀವು ಕೇಳಲಿಲ್ಲ ಅಜ್ಜೀ."

ಅರ್ಜಿ ಹಾಕಿದೆವು. ಮರುದಿನವೇ ಉತ್ತರ ಬಂತು: "ತಮ್ಮ ಓರೆಯು ನಮ್ಮ ಗಮನಕ್ಕೆ ಬಂದಿದೆ. ಸರದಿಯಂತೆ ಪರಿಶೀಲಿಸಲಾಗುವುದು. ಅಲ್ಲಿಯವರೆಗೆ ಸದರಿ ಓರೆಯನ್ನು ಯಥಾಸ್ಥಿತಿಯಲ್ಲಿ ಕಾಪಾಡತಕ್ಕದ್ದು. ಓರೆಯಲ್ಲಿ ಹೆಚ್ಚುಕಡಿಮೆಯಾದಲ್ಲಿ ಗ್ರಾಹಕರೇ ಹೊಣೆ."

ಓರೆಯನ್ನು ಕಾಪಾಡಿದರು. ಬಾಗಿಲಿಗೆ ಟೇಪು ಅಂಟಿಸಿದರೆ ಥಂಡಿಗೆ ಬಿಟ್ಟುಕೊಂಡಿತು. ಮೊದಲ ಅರವತ್ತು ಕ್ಯಾಂಡಿ ನೀರಾಗಿ ಹೋಯಿತು. ಸೊಸೆಯ ಕಣ್ಣಲ್ಲಿ ನೀರು ಕಂಡದ್ದೇ ಅತ್ತೆ ಒಂದು ಕುರ್ಚಿ ಎಳೆದು, ಬಾಗಿಲಿಗೆ ಬೆನ್ನು ಕೊಟ್ಟು ಕೂತುಬಿಟ್ಟರು. ಬಾಗಿಲು ಅಲ್ಲಾಡಲಿಲ್ಲ.

ಗುರುವಾರ ಮಟ್ಟಾಧಿಕಾರಿ ಬಂದರು. ಮಖಮಲ್ಲಿನ ಪೆಟ್ಟಿಗೆಯಿಂದ ಮಟ್ಟಗೋಲು ತೆಗೆದರು. ಅದರ ನಡುವೆ ಗಾಜಿನ ನಳಿಗೆ, ಒಳಗೆ ಹಸಿರು ದ್ರವ, ದ್ರವದಲ್ಲೊಂದು ಗುಳ್ಳೆ. ಗುಳ್ಳೆ ನಟ್ಟನಡುವೆ ನಿಂತರೆ ಸಮತಟ್ಟು. ಕೋಲನ್ನು ಫ್ರೀಜರ್ ತಲೆಯ ಮೇಲಿಟ್ಟರು. ಗುಳ್ಳೆ ನಟ್ಟನಡುವೆ ನಿಂತಿತು.

"ಸಮತಟ್ಟಾಗಿದೆ," ಎಂದರು.

"ಬಗ್ಗಿ ನಿಂತಿರೋದು ಕಣ್ಣಿಗೇ ಕಾಣುತ್ತಲ್ಲ ಸಾರ್!" ಎಂದಳು ಕ್ಯಾಂಡಿ ಅಕ್ಕ.

"ಕಣ್ಣನ್ನ ನಾವು ಪರಿಗಣಿಸೋದಿಲ್ಲಮ್ಮ. ಈ ಕೋಲು ಹೋದ ವರ್ಷ ಮೂರನೇ ಮಹಡಿಯಿಂದ ಬಿತ್ತು. ಸಮಿತಿ ಕೂತು, ಪರೀಕ್ಷೆ ಮಾಡಿ, ಸರಿಯಿದೆ ಅಂತ ಮೊಹರು ಹಾಕಿದೆ."

"ಏನಿಟ್ಟು ಪರೀಕ್ಷೆ ಮಾಡಿದ್ರು?"

"ಇದನ್ನೇ ಇಟ್ಟು."

ಅತ್ತೆ ತಡೆಯಲಾರದೆ ಎದ್ದು, ಒಂದು ತಟ್ಟೆಯಲ್ಲಿ ನೀರು ತುಂಬಿ ಫ್ರೀಜರ್ ಮೇಲಿಟ್ಟರು. ನೀರು ಮುಂದಕ್ಕೆ ಬಂದು ಅಧಿಕಾರಿಯ ಬೂಟಿನ ಮೇಲೆ ಸುರಿಯಿತು.

"ಈಗೇನಂತೀಯಪ್ಪಾ?"

"ಈ ನೀರಿಗೆ ಪ್ರಮಾಣಪತ್ರ ಇದೆಯಾ ಅಜ್ಜೀ?"

ಇರಲಿಲ್ಲ. ಅಷ್ಟರಲ್ಲಿ ಬಾಗಿಲು ತೆರೆದುಕೊಂಡಿತು. ಅತ್ತೆ ಓಡಿಬಂದು ಕೂತರು, ಮುಚ್ಚಿತು. ಅಧಿಕಾರಿ ಅವರನ್ನು ಮೂರು ಸಲ ಎಬ್ಬಿಸಿ ಮೂರು ಸಲ ಕೂರಿಸಿದರು. ಆಮೇಲೆ ಗಂಭೀರವಾಗಿ ಹೇಳಿದರು:

"ಪೆಟ್ಟಿಗೆಯಲ್ಲಿ ದೋಷ ಇಲ್ಲ. ಒಂದು ಬಿಡಿಭಾಗ ಪಟ್ಟಿಯಲ್ಲಿ ಬಿಟ್ಟುಹೋಗಿದೆ."

ಗ್ಯಾರಂಟಿ ಕಾಗದದ ಪಟ್ಟಿಯಲ್ಲಿ ಹದಿನಾರು ಬಿಡಿಭಾಗಗಳಿದ್ದವು. ಅದರ ಕೆಳಗೆ ದುಂಡಗೆ ಬರೆದರು: "ಹದಿನೇಳು: ಅತ್ತೆ, ಒಂದು. ತೂಕ ಐವತ್ತೊಂದು ಕಿಲೋ. ತೂಕವು ಐವತ್ತಕ್ಕಿಂತ ಇಳಿದಲ್ಲಿ ಗ್ಯಾರಂಟಿ ಅನ್ವಯಿಸದು."

ನಾನು ಸಾಕ್ಷಿಯಾಗಿ ಸಹಿ ಹಾಕಿದೆ. ಗಿರಾಕಿಯ ಸಮಸ್ಯೆ ಬಗೆಹರಿಯುವಾಗ ವ್ಯಾಪಾರಿ ಅಡ್ಡ ಮಾತಾಡಬಾರದು.

"ಇದೇನು ಸಾರ್, ನಮ್ಮತ್ತೇನ ಬಿಡಿಭಾಗ ಅಂತೀರಲ್ಲ!" ಎಂದಳು ಸೊಸೆ.

"ನೀನು ಸುಮ್ನಿರೇ," ಎಂದರು ಅತ್ತೆ. "ಅಂದ್ರೆ ಆ ಐದು ವರ್ಷದ ಗ್ಯಾರಂಟಿ ನನಗೂ ಸೇರುತ್ತೇನಪ್ಪಾ?"

"ಎಲ್ಲಾ ಬಿಡಿಭಾಗಕ್ಕೂ ಸೇರುತ್ತೆ ಅಜ್ಜೀ."

"ಕೇಳಿಸ್ಕೊಂಡೆಯಾ? ಆ ಡಾಕ್ಟರು ಒಂದು ವರ್ಷಕ್ಕೂ ಧೈರ್ಯ ಹೇಳಲಿಲ್ಲ. ನಾಳೆಯಿಂದ ಅರ್ಧ ಲೋಟ ಹಾಲು ಸಾಲದು ಕಣೇ. ತೂಕ ಇಳಿದ್ರೆ ನಿನ್ನ ಫ್ರೀಜರ್‌ಗೇ ನಷ್ಟ."

"ಅತ್ತೆ ಸ್ನಾನಕ್ಕೆ ಹೋದಾಗ ಏನು ಮಾಡೋದು ಸಾರ್?"

"ಬದಲಿ ಬಿಡಿಭಾಗ ಒದಗಿಸತಕ್ಕದ್ದು."

ಕ್ಯಾಂಡಿ ಅಕ್ಕನ ಗಂಡ ದರ್ಜಿ. ಹೇಗೂ ಕೂತು ಮಾಡುವ ಕೆಲಸ. ಗುಂಡಿ ಹೊಲಿಯುವುದನ್ನೆಲ್ಲ ಅಡುಗೆಮನೆಗೆ ತಂದುಕೊಂಡ.

ಶನಿವಾರ ನಾನೂರು ಕ್ಯಾಂಡಿ ಕಲ್ಲಿನಂತೆ ಗಟ್ಟಿಯಾಗಿ ಶಾಲೆ ತಲುಪಿತು. ಸೋಮವಾರ ಕಂಪನಿಯಿಂದ ಸುತ್ತೋಲೆ ಹೊರಟಿತು: "ಇನ್ನು ಮುಂದೆ ಅತ್ತೆಯಿಲ್ಲದ ಮನೆಗಳಲ್ಲಿ ಫ್ರೀಜರ್ ಅಳವಡಿಸಲಾಗುವುದಿಲ್ಲ. ಅವಿವಾಹಿತರು ಸೋದರತ್ತೆಯನ್ನು ಬಳಸಬಹುದು." ಜನ ಗೊಣಗುತ್ತಾರೆಂದು ನಾನು ಹೆದರಿದ್ದೆ. ಯಾರೂ ಗೊಣಗಲಿಲ್ಲ. ಅಂಗಡಿಗೆ ಬಂದವರು ಫ್ರೀಜರ್‌ನ ಬಣ್ಣ, ಬಾಗಿಲು ನೋಡಿ, ಜೊತೆಗೆ ಬಂದ ಹೆಂಗಸನ್ನೊಮ್ಮೆ ಅಳೆದು, "ಇವರು ಸಾಕಾಗ್ತಾರಾ ಅಣ್ಣಾ?" ಎಂದು ಕೇಳತೊಡಗಿದರು. ನಾನು ತಕ್ಕಡಿ ತರಿಸಿಟ್ಟೆ.

ಮೂರು ತಿಂಗಳಿಗೆ ಒಟ್ಟು ಗಳಿಕೆ ಹೀಗಿದೆ: ಕ್ಯಾಂಡಿ ಅಕ್ಕನಿಗೆ ಇನ್ನೂ ಎರಡು ಶಾಲೆ. ಮಟ್ಟಾಧಿಕಾರಿಗೆ ಬಡ್ತಿ. ಕಂಪನಿಗೆ ಬಂದ ದೂರು ಸೊನ್ನೆ. ಅತ್ತೆಗೆ ಎರಡೂವರೆ ಕಿಲೋ. ನನಗೆ ಮಾರಾಟ: ಫ್ರೀಜರ್ ಒಂಬತ್ತು, ನೆಟ್ಟನೆಯ ಬೆನ್ನಿನ ಕುರ್ಚಿ ಹದಿನೆಂಟು. ಮನೆಗೆ ಎರಡರಂತೆ, ಒಂದು ಬಿಡಿಭಾಗಕ್ಕೆ, ಇನ್ನೊಂದು ಅದರ ಜೊತೆ ಮಾತಾಡಲು ಬರುವವರಿಗೆ.