ಷಡ್ಡಕನ ಸೋಡಾ ಬ್ರೆಡ್ಡು

ದಾಯಾದಿಗಳ ಮೇಲಿನ ಹೊಟ್ಟೆಕಿಚ್ಚಿಗೆ ಕೋರ್ಟು ಕಚೇರಿಯಾದರೂ ಇದೆ. ಷಡ್ಡಕನ ಮೇಲಿನದನ್ನು ಅವನ ಪಕ್ಕದಲ್ಲೇ ಊಟಕ್ಕೆ ಕೂತು, ನಗುನಗುತ್ತಾ ಪಾಯಸದ ಜೊತೆ ನುಂಗಬೇಕು. ನನಗೆ ಅದು ಧಾರಾಳವಾಗಿದೆ ಎಂದು ಮೊದಲೇ ಹೇಳಿಬಿಡುತ್ತೇನೆ.

ಠಾಣೆ ನಗರದ ವಾಗ್ಳೆ ಎಸ್ಟೇಟೆಂಬ ಕಾರ್ಖಾನೆ ಬಡಾವಣೆಯಲ್ಲಿ ನನ್ನದೊಂದು ಸಸ್ಯಾಹಾರಿ ಹೋಟೆಲು. ಪಾಳಿ ಮುಗಿಸಿದ ಕಾರ್ಮಿಕರು ನಮ್ಮ ಗೋಳಿಬಜೆಗೆ ಸಾಲು ನಿಲ್ಲುತ್ತಾರೆ. ಡೊಂಬಿವಿಲಿಯ ಅತ್ತೆಯವರು ಮಾತ್ರ ಅದು ನನ್ನ ಕಸುಬಲ್ಲವೇ ಎಂದು ಸುಮ್ಮನಾಗುತ್ತಾರೆ. ಖಾರಘರದ ಕಿರಿಯ ಅಳಿಯ ಸುರೇಶ ಕಂಪನಿ ಕೆಲಸಕ್ಕೆ ಐರ್ಲೆಂಡಿಗೆ ಹೋಗಿ ಬಂದು, ಅಲ್ಲಿಯ ಕಂದು ಸೋಡಾ ಬ್ರೆಡ್ಡನ್ನು ಮನೆಯಲ್ಲಿ ಬೇಯಿಸತೊಡಗಿದ್ದೇ ತಡ, ಅವರ ಬಾಯಲ್ಲಿ ಅವನದೇ ಜಪ. ಈಸ್ಟ್ ಬೇಡವಂತೆ, ಮೇಲೆ ಚಾಕುವಿನಿಂದ ಅಡ್ಡ ಉದ್ದ ಗೀರುತ್ತಾನಂತೆ. ದಿನವೂ ಹಿಟ್ಟು ಕಲಸುವ ನಾನು ಹೋಟೆಲಿನವ, ತಿಂಗಳಿಗೊಂದು ಬ್ರೆಡ್ಡು ಮಾಡುವ ಅವನು ಕಲಾವಿದ. ಹೊಟ್ಟೆ ಉರಿಯದೆ ಇನ್ನೇನು?

ಈಚೆಗೆ ಅತ್ತೆಯವರು ನಮ್ಮ ಮನೆಗೆ ಬಂದಾಗ ನಾನೂ ಮಾಡಿ ತೋರಿಸಲು ಹೊರಟೆ. ಗೋಧಿಹಿಟ್ಟು, ಹುಳಿ ಮಜ್ಜಿಗೆ, ಸೋಡಾ, ಉಪ್ಪು ಎಂದು ಹೆಂಡತಿ ತನ್ನ ತಂಗಿಯನ್ನು ಕೇಳಿ ಹೇಳಿದಳು. ಮಾಡುವ ಕ್ರಮವನ್ನೂ ಹೇಳಬಂದವಳನ್ನು ತಡೆದೆ. ಸೋಡಾ ಮಜ್ಜಿಗೆಯ ವಿಷಯವನ್ನು ಉಡುಪಿಯವನಿಗೆ ಐರ್ಲೆಂಡಿನವರು ಕಲಿಸಬೇಕೆ? ಬನ್ಸಿನ ಹಿಟ್ಟಿನಂತೆ ಚೆನ್ನಾಗಿ ನಾದಿ ರಾತ್ರಿಯಿಡೀ ಮುಚ್ಚಿಟ್ಟೆ. ಆ ಹಿಟ್ಟನ್ನು ನಾದಬಾರದು, ಕಲಸಿದ ಕೂಡಲೇ ಓವನ್ನಿಗೆ ಹಾಕಬೇಕು ಎಂಬುದು ಆಮೇಲೆ ತಿಳಿಯಿತು. ಬೆಳಿಗ್ಗೆ ಬೆಂದು ಬಂದದ್ದನ್ನು ತುಂಡು ಮಾಡಲು ತೆಂಗಿನಕಾಯಿಯ ಕತ್ತಿ ಬೇಕಾಯಿತು.

ಅಷ್ಟರಲ್ಲಿ ಅತ್ತೆಯವರು ಅಡುಗೆಮನೆಗೆ ಬಂದು ಇದೇನೆಂದು ಕೇಳಿದರು. ಇಂಥ ಕಲ್ಲನ್ನು ನನ್ನದು ಎನ್ನುವುದು ಹೇಗೆ?

"ನಿನ್ನೆ ಸುರೇಶ ಹೋಟೆಲಿಗೆ ಬಂದು ಕೊಟ್ಟು ಹೋದದ್ದು" ಎಂದೆ.

ಹೆಂಡತಿ ನನ್ನ ಮುಖವನ್ನೊಮ್ಮೆ ನೋಡಿ, ಪುಣ್ಯಕ್ಕೆ ಕಾಫಿ ಬೆರೆಸಲು ತಿರುಗಿದಳು. ಇವತ್ತಿಗೆ ಅವನ ಕೀರ್ತಿ ಮುಗಿಯಿತೆಂದು ಒಳಗೊಳಗೇ ಹಿಗ್ಗಿದೆ. ಅತ್ತೆಯವರು ಒಂದು ತುಂಡನ್ನು ಕಾಫಿಯಲ್ಲಿ ಅದ್ದಿ ತಿಂದರು. ಇನ್ನೊಂದಕ್ಕೆ ಕೈ ಹಾಕಿದರು.

"ಮೊದ್ಲಿನದ್ದು ಕಾಫಿಗೆ ಹಾಕಿದ ಕೂಡ್ಲೆ ಕರಗಿ ಹೋಗ್ತಿತ್ತು. ಇದು ಒಳ್ಳೇ ರಸ್ಕಿನ ಹಾಗೆ ಉಂಟು. ಅವ್ರ ಕೈಗುಣವೇ ಬೇರೆ. ನೀವೂ ಸ್ವಲ್ಪ ಕಲೀಬಹುದಿತ್ತು."

ಸಾಲದ್ದಕ್ಕೆ ಖಾರಘರಕ್ಕೆ ಫೋನು ಮಾಡಿ ಹೊಗಳಿದರು. ಆ ಮಹಾರಾಯ ತಾನು ಕೊಟ್ಟಿಲ್ಲ ಎನ್ನದೆ, ಇನ್ನು ಹಾಗೆಯೇ ಮಾಡುತ್ತೇನೆ ಎಂದು ಮಾತು ಕೊಟ್ಟ. ಸಂಜೆ ನನಗೆ ಫೋನು ಬಂತು: "ಭಾವ, ಅದನ್ನು ಮಾಡುದು ಹೇಗೆ ಮಾರಾಯ್ರೆ?" ಹೇಳಿಕೊಟ್ಟೆ. ಅವನಿಗೆ ಅಷ್ಟು ಗಟ್ಟಿ ಬರಲಿಲ್ಲ, ನೀವೇ ಮಾಡಿಕೊಡಿ ಎಂದು ಗಂಟುಬಿದ್ದ. ನಾನು ಒಲ್ಲೆ ಎಂದರೆ ನನ್ನ ಸುಳ್ಳು ಹೊರಬೀಳುತ್ತದೆ. ಹಾಗಾಗಿ ಈಗ ಪ್ರತಿ ಶನಿವಾರ ನಾನು ಬೇಯಿಸುತ್ತೇನೆ, ಸುರೇಶ ಡೊಂಬಿವಿಲಿಗೆ ಒಯ್ದು ಕೊಡುತ್ತಾನೆ. ನಾನೇ ಮಾಡಿದ ಬ್ರೆಡ್ಡನ್ನು ಕಂಡು ನಾನೇ ಹೊಟ್ಟೆ ಉರಿದುಕೊಳ್ಳುವ ಗತಿ ಬಂದಿದೆ.